ಓಟದ ಗುರು ಆಲ್ಫ್ರೆಡ್ ಶ್ರಬ್

ಶಾಲೆಯ ವಾರ್ಷಿಕ ಕ್ರೀಡೋತ್ಸವದಲ್ಲಿ ಪ್ರಶಸ್ತಿಪತ್ರಗಳಿಗೆ ಹೆಸರು ಬರೆಯುವ ಕಾರ್ಯವು ಬಹುಕಾಲದಿಂದ ಕನ್ನಡ ಪಂಡಿತನ ಪಾಲಿಗೆ ಬಂದಿದೆ. ಅಕ್ಷರ ದುಂಡಗಿರುವುದೆಂಬುದೇ ಇದಕ್ಕೆ ಕಾರಣ. ಮೈದಾನದ ಅಂಚಿನಲ್ಲಿ ಮೇಜಿನ ಮುಂದೆ ಕುಳಿತು ಗೆದ್ದ ಬಾಲಕರ ಹೆಸರುಗಳನ್ನು ಬರೆಯುತ್ತಿರುವಾಗ ನನ್ನ ಮನಸ್ಸಿನಲ್ಲಿ ಒಂದು ವಿಚಾರವು ಏಳುವುದುಂಟು. ಆ ಪತ್ರದಲ್ಲಿ ಓಡಿದವನ ಹೆಸರಿಗೆ ಸ್ಥಳವಿದೆ, ಶಾಲೆಯ ಹೆಸರಿಗೆ ಸ್ಥಳವಿದೆ. ಓಡಲು ಕಲಿಸಿದವನ ಹೆಸರಿಗೆ ಮಾತ್ರ ಸ್ಥಳವಿಲ್ಲ. ಸ್ವತಃ ಜಗದ್ವಿಖ್ಯಾತ ಓಟಗಾರನಾಗಿದ್ದು, ಸ್ಪರ್ಧಿಸುವ ಅಧಿಕಾರವನ್ನು ಕಳೆದುಕೊಂಡು, ಅನಂತರ ಎರಡು ಮಹಾವಿದ್ಯಾಪೀಠಗಳ ವಿದ್ಯಾರ್ಥಿಗಳಿಗೆ ಓಟವನ್ನು ಕಲಿಸಿದ ಆಲ್ಫ್ರೆಡ್ ಶ್ರಬ್ ಎಂಬ ಆಂಗ್ಲನ ಚರಿತ್ರೆಯನ್ನು ಓದಿದಂದಿನಿಂದ ಈ ವಿಚಾರವು ಇನ್ನಷ್ಟು ಬಲವಾಗಿದೆ. ಆತನ ಬದುಕನ್ನು ಅಧ್ಯಾಪಕ ಬಂಧುಗಳ ಮುಂದೆಯೂ ಹಳೆಯ ವಿದ್ಯಾರ್ಥಿಗಳ ಮುಂದೆಯೂ ಇರಿಸುವುದು ಈ ಬರಹದ ಉದ್ದೇಶ. ವ್ಯಾಕರಣ ಕಲಿಸುವವನಿಗೆ ಓಟದ ಗೊಡವೆಯೇಕೆ ಎಂದು ಕೇಳುವವರಿಗೆ ಉತ್ತರವು ಮುಂದೆ ತಾನಾಗಿ ದೊರೆಯಬಹುದು.

ಇಂಗ್ಲೆಂಡಿನ ದಕ್ಷಿಣಕ್ಕೆ ಸಸೆಕ್ಸ್ ಎಂಬ ಸೀಮೆಯುಂಟು. ಅಲ್ಲಿ ಹಾರ್ಷಮ್ ಪಟ್ಟಣಕ್ಕೆ ಸಮೀಪದ ಸ್ಲಿನ್‌ಫೋಲ್ಡ್ ಎಂಬ ಗ್ರಾಮದಲ್ಲಿ 1879ನೆಯ ಇಸವಿ ಡಿಸೆಂಬರ್ 12ರಂದು ಶ್ರಬ್ಬನು ಜನಿಸಿದನು. ಮನೆತನ ಸಾಮಾನ್ಯವಾದದ್ದು. ಕಾಲೇಜಿನ ಮೆಟ್ಟಿಲು ಹತ್ತುವ ಯೋಗ ಅವನಿಗಿರಲಿಲ್ಲ. ಪ್ರಾಯಕ್ಕೆ ಬರುತ್ತಲೇ ಕಟ್ಟಡದ ಕೆಲಸಕ್ಕೆ ಸೇರಿ, ದೂರದ ಕೆಲಸದ ಸ್ಥಳಕ್ಕೆ ನಡೆದೋ ಓಡಿಯೋ ಹೋಗಿಬರುವುದೇ ಅವನ ಮೊದಲ ಅಭ್ಯಾಸವಾಯಿತು. ಆಳು ಗಿಡ್ಡ, ಮೈಕಟ್ಟು ಹಗುರ. ಮುಂದೆ ಜನರು ಅವನನ್ನು ಪುಟ್ಟ ಅದ್ಭುತವೆಂಬ ಅರ್ಥದ ಅಡ್ಡಹೆಸರಿನಿಂದ ಕರೆದದ್ದು ಈ ಕಾರಣದಿಂದಲೇ.

ಅವನು ಓಟಗಾರನೆಂದು ಲೋಕಕ್ಕೆ ತಿಳಿದ ಬಗೆಯನ್ನು ಆ ಸೀಮೆಯವರು ಒಂದು ಕಥೆಯಾಗಿ ಹೇಳಿಕೊಂಡು ಬಂದಿದ್ದಾರೆ. 1898ರ ಸುಮಾರಿನ ಒಂದು ರಾತ್ರಿ, ಮೂರು ಮೈಲಿ ಆಚೆಯ ಊರಿನಲ್ಲಿ ಬೆಂಕಿ ಬಿದ್ದು, ಅಗ್ನಿಶಾಮಕದ ಕುದುರೆ ಬಂಡಿಯು ಗಂಟೆ ಬಾರಿಸುತ್ತ ಹೊರಟಿತಂತೆ. ಶ್ರಬ್ಬನು ಕೆಲಸದ ಉಡುಪಿನಲ್ಲಿಯೇ, ಕಾಲಲ್ಲಿ ಭಾರವಾದ ಬೂಟುಗಳಿದ್ದಂತೆಯೇ, ಬಂಡಿಯ ಹಿಂದೆ ಓಡಿದನು. ಅದೇ ದಾರಿಯಲ್ಲಿ ಹಾರ್ಷಮ್ ಬ್ಲೂ ಸ್ಟಾರ್ ಹ್ಯಾರಿಯರ್ಸ್ ಎಂಬ ಓಟಗಾರರ ಸಂಘದ ನಾಯಕನೂ ಓಡುತ್ತಿದ್ದನು. ಕೂಲಿಯ ಹುಡುಗನನ್ನು ಹಿಂದಿಕ್ಕಲು ತನಗೆ ಸಾಧ್ಯವಾಗದಿರುವುದನ್ನು ಕಂಡ ಆ ನಾಯಕನು ಅವನನ್ನು ಸಂಘಕ್ಕೆ ಸೇರಿಸಿಕೊಂಡನು. ಬೆಂಕಿ ಆರಿತೋ ಇಲ್ಲವೋ ಯಾರೂ ಹೇಳುವುದಿಲ್ಲ.

ಹ್ಯಾರಿಯರ್ ಎಂಬ ಹೆಸರು ನಮ್ಮವರಿಗೆ ವಿಚಿತ್ರವಾಗಿ ತೋರಬಹುದು. ಅದು ಮೊಲವನ್ನು ಬೆನ್ನಟ್ಟುವ ಬೇಟೆನಾಯಿಯ ಹೆಸರು. ಇಂಗ್ಲೆಂಡಿನ ಶಾಲೆಗಳಲ್ಲಿ ಇಬ್ಬರು ಹುಡುಗರು ಮೊಲಗಳಾಗಿ ಕಾಗದದ ಚೂರುಗಳನ್ನು ಚೆಲ್ಲುತ್ತ ಮುಂದೆ ಓಡುವುದು, ಉಳಿದವರು ನಾಯಿಗಳಾಗಿ ಆ ಜಾಡು ಹಿಡಿದು ಹೊಲ, ಬೇಲಿ, ಹಳ್ಳಗಳನ್ನು ದಾಟುತ್ತ ಬೆನ್ನಟ್ಟುವುದು, ಇದೊಂದು ಆಟವಾಗಿತ್ತು. ಆ ಆಟವೇ ಬೆಳೆದು ಕ್ರಾಸ್ ಕಂಟ್ರಿ ಎನಿಸಿಕೊಂಡಿತು. ನಮ್ಮಲ್ಲಿ ಅದಕ್ಕೆ ಗುಡ್ಡಗಾಡು ಓಟವೆಂದು ಹೆಸರು. ಸಮನಾದ ಪಥದ ಮೇಲೆ ಓಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಇಲ್ಲಿ ಕಾಲು ಕೆಸರಿನಲ್ಲಿ ಹೂಳುವುದು, ಉತ್ತ ಹೊಲದ ಹೆಂಟೆ ಎಡವುವುದು, ಏರು ಬಂದಲ್ಲಿ ಉಸಿರು ಕಟ್ಟುವುದು. ಶ್ರಬ್ಬನ ಬುನಾದಿ ಇಂಥ ನೆಲದಲ್ಲಿ ಬಿದ್ದಿತು.

ಅಲ್ಲಿಂದ ಮುಂದಿನ ಏಳಿಗೆ ಬೆರಗು ಹುಟ್ಟಿಸುವಂಥದು. 1901ರಿಂದ 1904ರವರೆಗೆ ಸತತವಾಗಿ ನಾಲ್ಕು ವರ್ಷ ಅವನೇ ಇಂಗ್ಲೆಂಡಿನ ಗುಡ್ಡಗಾಡು ಓಟದ ಚಾಂಪಿಯನ್. ಅದೇ ನಾಲ್ಕು ವರ್ಷ 4 ಮೈಲಿ ಮತ್ತು 10 ಮೈಲಿಯ ರಾಷ್ಟ್ರೀಯ ಪ್ರಶಸ್ತಿಗಳೂ ಅವನವೇ. 1903 ಮತ್ತು 1904ರಲ್ಲಿ 1 ಮೈಲಿಯ ಪ್ರಶಸ್ತಿಯನ್ನೂ ಸೇರಿಸಿಕೊಂಡನು. 1903ರಲ್ಲಿ ಮೊತ್ತಮೊದಲು ನಡೆದ ಅಂತರರಾಷ್ಟ್ರೀಯ ಗುಡ್ಡಗಾಡು ಓಟವನ್ನು ಗೆದ್ದವನು ಅವನು. ಮರುವರ್ಷವೂ ಅವನೇ ಗೆದ್ದನು. ಎದುರಾಳಿಯ ನೆರಳಿನಲ್ಲಿ ಓಡುತ್ತಿದ್ದು ಕೊನೆಯ ಸುತ್ತಿನಲ್ಲಿ ಹಾರಿ ಗೆಲ್ಲುವುದು ಅನೇಕರ ಜಾಣತನ. ಶ್ರಬ್ಬನ ರೀತಿ ಅದಲ್ಲ. ಮೊದಲಿನಿಂದಲೂ ಮುಂದೆ ಹೋಗಿ, ನಡುನಡುವೆ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿ, ಹಿಂಬಾಲಿಸಿದವರ ಎದೆಯನ್ನು ಒಡೆಯುವುದು ಅವನ ಪದ್ಧತಿ. ದಿನಕ್ಕೆ ಎರಡು ಸಲ, ಬೆಳಗ್ಗೆ ಹದವಾಗಿಯೂ ಮಧ್ಯಾಹ್ನ ಬಿರುಸಾಗಿಯೂ ಓಡುವುದು ಅವನ ಅಭ್ಯಾಸಕ್ರಮದಲ್ಲಿತ್ತು. ಆ ಕಾಲದ ಬಹುಮಂದಿ ಹವ್ಯಾಸಿಗಳು ವಾರಕ್ಕೆ ಕೆಲವೇ ದಿನ ಓಡಿ ಉಳಿದ ದಿನ ನಡೆದಾಡಿ ತೃಪ್ತರಾಗುತ್ತಿದ್ದರೆಂಬುದನ್ನು ನೆನೆದರೆ ಇವನ ಶ್ರಮದ ಬೆಲೆ ತಿಳಿದೀತು.

1904ರ ನವೆಂಬರ್ 5ನೆಯ ದಿನ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಅವನ ಕೀರ್ತಿ ಶಿಖರವನ್ನು ಮುಟ್ಟಿತು. ಒಂದೇ ಓಟದಲ್ಲಿ 6 ಮೈಲಿಯಿಂದ 11 ಮೈಲಿಯವರೆಗಿನ ಹವ್ಯಾಸಿ ದಾಖಲೆಗಳೆಲ್ಲ ಒಂದರ ಹಿಂದೊಂದು ಉರುಳಿದವು. 10 ಮೈಲಿಯನ್ನು 50 ನಿಮಿಷ 40.6 ಸೆಕೆಂಡುಗಳಲ್ಲಿ ಮುಗಿಸಿ, ನಿಲ್ಲದೆ ಮುಂದುವರಿದು, ಒಂದು ಗಂಟೆ ತುಂಬುವ ವೇಳೆಗೆ 11 ಮೈಲಿ 1137 ಗಜ, ಎಂದರೆ 18.7 ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿದ್ದನು. ಆ 10 ಮೈಲಿಯ ದಾಖಲೆಯನ್ನು ಮುರಿಯಲು ಫಿನ್ಲೆಂಡಿನ ಪಾವೊ ನುರ್ಮಿಯಂಥವನೇ ಬರಬೇಕಾಯಿತು, ಅದೂ 1928ರಲ್ಲಿ.

ಇಷ್ಟಾಗಿಯೂ ಈ ಮಹಾ ಓಟಗಾರನು ಒಲಿಂಪಿಕ್ ಕ್ರೀಡೆಗಳಲ್ಲಿ ಒಮ್ಮೆಯೂ ಓಡಲಿಲ್ಲ. 1904ರ ಕ್ರೀಡೆಗಳು ಅಮೆರಿಕದ ಸೇಂಟ್ ಲೂಯಿಸಿನಲ್ಲಿ ನಡೆದವು. ಅವನು ಅಲ್ಲಿಗೆ ಹೋಗಲಿಲ್ಲ. 1908ರಲ್ಲಿ ಅವು ಅವನ ದೇಶದ ಲಂಡನ್ನಿನಲ್ಲಿಯೇ ನಡೆದಾಗ ಬಾಗಿಲು ಮುಚ್ಚಿತ್ತು. ಆ ಬಾಗಿಲಿನ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು.

ಓಟದಿಂದ ಹಣ ಪಡೆಯದವನು ಹವ್ಯಾಸಿ, ಪಡೆದವನು ವೃತ್ತಿಪರ. ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಓಡಕೂಡದು. ಇದು ಇಂಗ್ಲೆಂಡಿನ ಅಂದಿನ ನಿಯಮವಾಗಿತ್ತು. ಇದರ ಮೂಲವನ್ನು ಹುಡುಕಿದರೆ ದೊರೆಯುವುದು ಕೇವಲ ಹಣದ ವಿಚಾರವಲ್ಲ. 1860ರ ದಶಕದಲ್ಲಿ ಲಂಡನ್ನಿನ ದೊಡ್ಡಮನುಷ್ಯರು ಕಟ್ಟಿದ ಕ್ರೀಡಾಸಂಘದ ನಿಯಮದಲ್ಲಿ ಯಂತ್ರಕೆಲಸದವನು, ಕುಶಲಕರ್ಮಿ, ಕೂಲಿಯವನು ಹವ್ಯಾಸಿಯಾಗಲಾರನೆಂದೇ ಇತ್ತು. ಕೈಯಿಂದ ದುಡಿದು ಉಣ್ಣುವುದೇ ದೋಷವೆಂಬ ಭಾವನೆ ಅದು. 1880ರ ಏಪ್ರಿಲ್ 24ರಂದು ಆಕ್ಸ್‌ಫರ್ಡ್ ನಗರದ ರಾಂಡಾಲ್ಫ್ ಹೋಟೆಲಿನಲ್ಲಿ ಸೇರಿದ ಸಭೆಯೊಂದು ಹೊಸದಾಗಿ ರಾಷ್ಟ್ರೀಯ ಹವ್ಯಾಸಿ ಕ್ರೀಡಾಸಂಘವನ್ನು ಸ್ಥಾಪಿಸಿ ಆ ಕಲಮನ್ನು ತೆಗೆದುಹಾಕಿತು. ಸಭೆಯ ಮುಂದಾಳುಗಳು ಆಕ್ಸ್‌ಫರ್ಡಿನವರೇ. ಅವರು ಕೂಲಿಯವನಿಗೆ ಬಾಗಿಲು ತೆರೆದರು, ಹಣದ ನಿಯಮವನ್ನು ಮಾತ್ರ ಗಟ್ಟಿಯಾಗಿ ಉಳಿಸಿಕೊಂಡರು. ಶ್ರಬ್ಬನು ಓಟಗಾರನಾಗಲು ಸಾಧ್ಯವಾದದ್ದು ಆ ಸಭೆಯಿಂದ. ಓಟದಿಂದ ಹೊರಬಿದ್ದದ್ದೂ ಅದೇ ಸಭೆ ಕಟ್ಟಿದ ಸಂಘದಿಂದ.

1905ರಲ್ಲಿ ಅವನು ಅಮೆರಿಕದ ವೇಗದ ಓಟಗಾರ ಆರ್ಥರ್ ಡಫಿಯೊಡನೆ ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡುಗಳಲ್ಲಿ ಸಂಚರಿಸಿ ಓಡಿ ಬಂದನು. ಅದೇ ವರ್ಷ, ಓಟದಿಂದ ಹಣ ಪಡೆದನೆಂಬ ಆರೋಪದ ಮೇಲೆ ಸಂಘವು ಅವನನ್ನು ಬಹಿಷ್ಕರಿಸಿತು. ಡಫಿಗೂ ತನ್ನ ದೇಶದಲ್ಲಿ ಇದೇ ಗತಿಯಾಗಿ ಅವನ ದಾಖಲೆಗಳನ್ನೇ ಅಳಿಸಿಹಾಕಿದರು. ಶ್ರಬ್ಬನಿಗೆ ಆಗ ವಯಸ್ಸು ಇಪ್ಪತ್ತೈದರ ಆಸುಪಾಸು. ಓಟಗಾರನ ದೇಹ ಮಾಗುವ ಕಾಲ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ 5 ಮೈಲಿ ಓಟವನ್ನು ಗೆದ್ದ ಎಮಿಲ್ ವಾಯ್ಟನು ತೆಗೆದುಕೊಂಡ ಕಾಲ 25 ನಿಮಿಷ 11.2 ಸೆಕೆಂಡು. ಅದೇ ದೂರವನ್ನು ಶ್ರಬ್ಬನು 1904ರಲ್ಲಿ 24 ನಿಮಿಷ 33.4 ಸೆಕೆಂಡುಗಳಲ್ಲಿ ಓಡಿದ್ದನು. ಬೇರೆ ಮೈದಾನ, ಬೇರೆ ದಿನಗಳ ಓಟಗಳನ್ನು ಹೋಲಿಸುವುದು ಪೂರ್ತಿ ನ್ಯಾಯವಲ್ಲವೆಂಬುದನ್ನು ಒಪ್ಪುತ್ತೇನೆ. ಆದರೂ ಮೂವತ್ತೇಳು ಸೆಕೆಂಡುಗಳ ಅಂತರ ಕಣ್ಣಿಗೆ ಹೊಡೆಯದಿರದು.

ಹಣ ಪಡೆದದ್ದು ತಪ್ಪೇ ಎಂದು ಇಂದು ಕೇಳಬಹುದು. ನಿಯಮವನ್ನು ತಿಳಿದೂ ಮೀರಿದ್ದರೆ ತಪ್ಪು ತಪ್ಪೇ. ಆದರೆ ಜಮೀನುದಾರನ ಮಗನಿಗೆ ಮನೆಯಿಂದ ಹಣ ಬರುತ್ತಿತ್ತು. ಓಟಕ್ಕೆಂದು ಕೆಲಸ ಬಿಟ್ಟ ದಿನ ಶ್ರಬ್ಬನಂಥವನಿಗೆ ಕೂಲಿಯೇ ಇಲ್ಲ. ಎರಡು ಬಗೆಯ ಬದುಕನ್ನು ಒಂದೇ ಕೋಲಿನಿಂದ ಅಳೆದ ನಿಯಮವದು. ಸಂಬಳ ಪಡೆದು ವ್ಯಾಕರಣ ಹೇಳುವ ನನ್ನಂಥವನು ಈ ವಿಷಯದಲ್ಲಿ ಪೂರ್ಣ ತಟಸ್ಥನಾಗಿರುವುದು ಕಷ್ಟ. ವಿದ್ಯೆಯನ್ನು ಮಾರುವವನೆಂಬ ಹಳೆಯ ನಿಂದೆ ನಮ್ಮ ಕಿವಿಗೂ ಬಿದ್ದಿದೆ.

ಬಹಿಷ್ಕೃತನಾದ ಶ್ರಬ್ಬನು ವೃತ್ತಿಪರನಾಗಿ ಉತ್ತರ ಅಮೆರಿಕಕ್ಕೆ ತೆರಳಿದನು. ಅಲ್ಲಿ ಕುದುರೆಯೊಡನೆ ಓಡಿದ್ದುಂಟು. ಸರದಿಯಲ್ಲಿ ಬರುವ ಹಲವರ ಎದುರು ಒಬ್ಬನೇ ಓಡಿದ್ದುಂಟು. ನೋಡುವವರಿಗೆ ವಿನೋದ, ಓಡುವವನಿಗೆ ಹೊಟ್ಟೆಪಾಡು. ಇಂಥ ದಿನಗಳ ನಡುವೆಯೇ, 1908ರಲ್ಲಿ, ಗುಡ್ಡಗಾಡು ಓಟದ ವಿಷಯವಾಗಿ ಒಂದು ಪುಸ್ತಕವನ್ನು ಹೊರತಂದನು. ಅದೇ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಗುಡ್ಡಗಾಡು ಓಟದ ತಂಡಕ್ಕೆ ತರಬೇತುದಾರನಾದನು. ಹಾರ್ವರ್ಡ್ ಇರುವುದು ಅಮೆರಿಕದ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ನಗರದ ಮಗ್ಗುಲಿಗೆ. ಅದರ ಊರಿಗೂ ಕೇಂಬ್ರಿಜ್ ಎಂದೇ ಹೆಸರಿರುವುದರಿಂದ ವಾಚಕರು ಅದನ್ನು ಇಂಗ್ಲೆಂಡಿನ ಕೇಂಬ್ರಿಜ್ ಎಂದು ಭ್ರಮಿಸಬಾರದು.

ಅಮೆರಿಕದ ವಿದ್ಯಾಲಯಗಳಲ್ಲಿ ತರಬೇತುದಾರನ ಸ್ಥಾನವು ಆಗಲೇ ಗಟ್ಟಿಯಾಗಿತ್ತು. ಸಂಬಳದ ಗುರುವನ್ನು ಇಟ್ಟುಕೊಳ್ಳಲು ಅವರು ನಾಚುತ್ತಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಮೋಕ್ಲಿ ಎಂಬಾತನು 1899ರಿಂದ 1949ರವರೆಗೆ, ಅರ್ಧ ಶತಮಾನ, ಇದೇ ಕೆಲಸದಲ್ಲಿದ್ದು ಶಿಷ್ಯಪರಂಪರೆಯನ್ನೇ ಬೆಳೆಸಿದನು. ಗುಡ್ಡಗಾಡು ಓಟದಲ್ಲಿ ಆ ಕಾಲಕ್ಕೆ ಕಾರ್ನೆಲಿನದೇ ಮೇಲುಗೈ. ಹಾರ್ವರ್ಡಿನವರು ಶ್ರಬ್ಬನನ್ನು ಕರೆದದ್ದು ಇಂಥ ಪ್ರತಿಸ್ಪರ್ಧಿಗಳ ನಡುವೆ.

ಕಾಲೇಜುಗಳ ಗುಡ್ಡಗಾಡು ಓಟದ ಲೆಕ್ಕವನ್ನು ಇಲ್ಲಿ ವಿವರಿಸುವುದು ಅವಶ್ಯ. ಇದರಲ್ಲಿಯೇ ಗುರುವಿನ ಕಷ್ಟ ಅಡಗಿದೆ. ಒಂದು ತಂಡದಿಂದ ಸಾಮಾನ್ಯವಾಗಿ ಏಳು ಜನ ಓಡುವರು. ಗುರಿ ಮುಟ್ಟಿದ ಕ್ರಮದಂತೆ ಒಬ್ಬೊಬ್ಬನಿಗೂ ಸ್ಥಾನದ ಸಂಖ್ಯೆ ಬೀಳುವುದು. ತಂಡದ ಮೊದಲ ಐವರ ಸಂಖ್ಯೆಗಳನ್ನು ಕೂಡಿಸುವರು. ಮೊತ್ತ ಯಾರದು ಕಡಿಮೆಯೋ ಅವರದು ಗೆಲುವು. ನಿದರ್ಶನಕ್ಕೆ ಎರಡು ತಂಡಗಳ ಓಟವನ್ನು ತೆಗೆದುಕೊಳ್ಳೋಣ. ಒಂದು ತಂಡದವರು 1, 2, 8, 9, 10ನೆಯ ಸ್ಥಾನಗಳಲ್ಲಿ ಬಂದರೆ ಮೊತ್ತ 30. ಎದುರಿನವರು 3, 4, 5, 6, 7ರಲ್ಲಿ ಬಂದರೆ 25. ಮೊದಲ ಎರಡು ಸ್ಥಾನಗಳನ್ನು ಗೆದ್ದೂ ಮೊದಲನೆಯ ತಂಡ ಸೋತಿತು! ಆದುದರಿಂದ ಗುರುವಾದವನು ಮುಂಚೂಣಿಯ ಪ್ರತಿಭಾವಂತನ ಕಡೆಗೇ ನೋಡುತ್ತ ಕುಳಿತರೆ ನಡೆಯದು. ಐದನೆಯ ಹುಡುಗನು ಹಿಂದೆಲ್ಲೋ ಕೆಸರಿನಲ್ಲಿ ಏದುಸಿರು ಬಿಡುತ್ತ ಬರುತ್ತಿರುವನು. ಅವನು ಇಬ್ಬರನ್ನು ದಾಟಿದರೆ ಇಡೀ ತಂಡದ ಭಾಗ್ಯ ಬದಲಾಗುವುದು.

ಶ್ರಬ್ಬನ ದೃಷ್ಟಿಯಿಂದ ಇದನ್ನು ಯೋಚಿಸಿ ನೋಡಬೇಕು. ತನ್ನ ಉಚ್ಛ್ರಾಯ ಕಾಲದಲ್ಲಿ ಅವನು ಐದನೆಯವನಾಗಿದ್ದವನಲ್ಲ. ಬೆನ್ನ ಹಿಂದಿನ ಕಷ್ಟವನ್ನು ಅವನು ಅಷ್ಟಾಗಿ ಕಂಡವನಲ್ಲ. ಹುಟ್ಟಾ ಕವಿಯಾದವನು ಛಂದಸ್ಸಿನ ಪಾಠ ಹೇಳಲು ಕುಳಿತಾಗ, ತನಗೆ ತಾನಾಗಿ ಬಂದದ್ದು ಶಿಷ್ಯನಿಗೇಕೆ ಬರದೆಂಬುದು ತಿಳಿಯದೆ ರೇಗುವುದನ್ನು ನಾನು ಬಲ್ಲೆ. ಓಟದಲ್ಲಿಯೂ ಈ ಅಪಾಯವಿದೆ. ಹಾರ್ವರ್ಡಿನ ಹುಡುಗರಾದರೋ ಹೊಟ್ಟೆಪಾಡಿಗಾಗಿ ಓಡುವವರಲ್ಲ. ಓದಿನ ನಡುವೆ ಬಿಡುವಿನ ವೇಳೆಯಲ್ಲಿ ಬರುವವರು. ಅಂಥವರಿಗೆ ದಿನದಿನವೂ ತಪ್ಪದ ಅಭ್ಯಾಸದ ಶಿಸ್ತನ್ನು ಹಿಡಿಸಬೇಕು. ಹಾಗೆಂದು ತನ್ನ ದೇಹ ತಾಳಿದಷ್ಟು ಹೊರೆಯನ್ನು ಅವರ ಮೇಲೆ ಹೊರಿಸಲೂಬಾರದು.

ಅಪರಾಜಿತನೆಂಬ ಹಮ್ಮನ್ನು ಕಳೆದುಕೊಳ್ಳುವ ಪ್ರಸಂಗವೂ ಇದೇ ಕಾಲದಲ್ಲಿ ಬಂದಿತು. 1908ರ ಲಂಡನ್ ಮ್ಯಾರಥಾನಿನ ನಂತರ ಅಮೆರಿಕದಲ್ಲಿ ಮ್ಯಾರಥಾನ್ ಓಟದ ಹುಚ್ಚು ಹರಡಿತ್ತು. 1909ರ ಫೆಬ್ರವರಿ 5ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಒಳಾಂಗಣದಲ್ಲಿ ಶ್ರಬ್ಬನಿಗೂ ಕೆನಡಾದ ಆದಿವಾಸಿ ಓಟಗಾರ ಟಾಮ್ ಲಾಂಗ್‌ಬೋಟನಿಗೂ ಪೂರ್ಣ ಮ್ಯಾರಥಾನ್ ದೂರದ ಸ್ಪರ್ಧೆ ಏರ್ಪಟ್ಟಿತು. ಲಾಂಗ್‌ಬೋಟನು ಒನೊಂಡಾಗ ಕುಲದವನು, 1907ರ ಬಾಸ್ಟನ್ ಮ್ಯಾರಥಾನಿನ ವಿಜಯಿ. ಶ್ರಬ್ಬನು ತನ್ನ ವಾಡಿಕೆಯಂತೆ ಆರಂಭದಿಂದಲೇ ಮುನ್ನುಗ್ಗಿ ಹಲವು ಸುತ್ತುಗಳಷ್ಟು ಮುಂದಾದನು. ಲಾಂಗ್‌ಬೋಟನು ಅದನ್ನು ಲೆಕ್ಕಿಸದೆ ತನ್ನ ಹೆಜ್ಜೆಯಲ್ಲಿಯೇ ಬಂದನು. ಇಪ್ಪತ್ತು ಮೈಲಿ ದಾಟಿದ ಮೇಲೆ ಅಂತರ ಕರಗತೊಡಗಿತು. ಗುರಿಗೆ ಇನ್ನು ಸ್ವಲ್ಪವೇ ದೂರವಿರುವಾಗ ಶ್ರಬ್ಬನ ಕಾಲು ಸೋತು ಅವನು ಪಥವನ್ನು ಬಿಟ್ಟನು. ಇವರಿಬ್ಬರೂ ಒಟ್ಟು ಹತ್ತು ಸಲ ಎದುರಾದರು. ಇಪ್ಪತ್ತು ಮೈಲಿಗೆ ಕಡಿಮೆಯಾದ ಓಟಗಳನ್ನೆಲ್ಲ ಶ್ರಬ್ಬನು ಗೆದ್ದನು, ಅದಕ್ಕೆ ಮೀರಿದವುಗಳನ್ನೆಲ್ಲ ಲಾಂಗ್‌ಬೋಟನು ಗೆದ್ದನು. ತನ್ನ ಶಕ್ತಿಯ ಎಲ್ಲೆ ಎಲ್ಲಿದೆಯೆಂಬುದು ಸಾವಿರಾರು ಜನರ ಕಣ್ಣೆದುರಿನಲ್ಲಿ ಅವನಿಗೆ ತಿಳಿಯಿತು. ಸೋಲಿನ ರುಚಿ ಕಂಡ ಮೇಲೆ ಅವನು ಇನ್ನೂ ಒಳ್ಳೆಯ ಗುರುವಾಗಿರಬೇಕೆಂಬುದು ನನ್ನ ಊಹೆ.

ಮೊದಲನೆಯ ಮಹಾಯುದ್ಧ ಮುಗಿಯಿತು. ಕಾಲೇಜುಗಳಿಂದ ರಣರಂಗಕ್ಕೆ ಹೋದ ಎಷ್ಟೋ ತರುಣರು ಹಿಂದಿರುಗಲಿಲ್ಲ. ಉಳಿದವರೂ ಹೊಸಬರೂ ಕೂಡಿ ಆಟದ ಮೈದಾನಗಳನ್ನು ಮತ್ತೆ ತುಂಬಬೇಕಾಗಿದ್ದ ಕಾಲದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರೀಡಾಸಂಘವು ಶ್ರಬ್ಬನನ್ನು ತರಬೇತುದಾರನನ್ನಾಗಿ ಕರೆಸಿಕೊಂಡಿತು. ಯಾವ ನಗರದ ಹೋಟೆಲಿನಲ್ಲಿ ಹವ್ಯಾಸಿಗಳ ಸಂಘ ಹುಟ್ಟಿತ್ತೋ ಅದೇ ನಗರಕ್ಕೆ, ಅದೇ ಸಂಘದಿಂದ ಬಹಿಷ್ಕೃತನಾದವನು, ಸಂಬಳದ ಗುರುವಾಗಿ ಬಂದನು. ಓಡಲು ಯೋಗ್ಯನಲ್ಲವೆಂದು ನಿರ್ಣಯಿಸಲ್ಪಟ್ಟವನು ಓಡಿಸಲು ಯೋಗ್ಯನಾದನು! ನಿಯಮಕ್ಕೆ ಇದರಲ್ಲಿ ವಿರೋಧ ಕಾಣಲಿಲ್ಲ. ಕಲಿಸುವವನು ವೃತ್ತಿಪರನಾಗಿದ್ದರೆ ಅಡ್ಡಿಯಿಲ್ಲ, ಕಲಿಯುವವನು ಹವ್ಯಾಸಿಯಾಗಿದ್ದರೆ ಸಾಕು.

ಆಕ್ಸ್‌ಫರ್ಡಿನ ಕ್ರೀಡಾಸಂಘಕ್ಕೆ ವಿದ್ಯಾರ್ಥಿಯೇ ಅಧ್ಯಕ್ಷ. ಆಡಳಿತವೆಲ್ಲ ತರುಣರ ಕೈಯಲ್ಲಿ. ನಲವತ್ತು ದಾಟಿದ ಜಗದ್ದಾಖಲೆಯ ವೀರನು ಇಪ್ಪತ್ತೆರಡರ ಅಧ್ಯಕ್ಷನ ಇಷ್ಟಾನಿಷ್ಟಗಳನ್ನು ಗಮನಿಸಿ ನಡೆಯಬೇಕಾದ ವ್ಯವಸ್ಥೆಯದು. ಇಫ್ಲಿ ರಸ್ತೆಯಲ್ಲಿದ್ದ ಅವರ ಓಟದ ಪಥವು ಇಂದಿನ ಪಥಗಳಂತಿರದೆ, ಮೂರು ಸುತ್ತಿಗೆ ಒಂದು ಮೈಲಿಯಾಗುವ ಹಳೆಯ ಮಾದರಿಯದಾಗಿತ್ತು. ವರ್ಷದ ಶ್ರಮದ ಗುರಿಯೊಂದೇ: ಕೇಂಬ್ರಿಜನ್ನು ಸೋಲಿಸುವುದು. ಈ ಎರಡು ವಿಶ್ವವಿದ್ಯಾಲಯಗಳ ನಡುವಿನ ಕ್ರೀಡಾಸ್ಪರ್ಧೆ 1864ರಿಂದಲೂ, ಗುಡ್ಡಗಾಡು ಓಟದ ಸ್ಪರ್ಧೆ 1880ರಿಂದಲೂ ನಡೆದುಬಂದಿವೆ. ಆ ಸ್ಪರ್ಧೆಯಲ್ಲಿ ಓಡಿದವನಿಗೆ ದೊರೆಯುವ ಗಾಢನೀಲಿ ಬಣ್ಣದ ಗೌರವವನ್ನು ಆ ತರುಣರು ಪದವಿಗಿಂತ ಹೆಚ್ಚಾಗಿ ಬಯಸುತ್ತಿದ್ದರೆಂದರೆ ಅತಿಶಯೋಕ್ತಿಯಾಗದು. ಅಧ್ಯಾಪಕನಾಗಿ ಇದನ್ನು ಹೊಗಳಬೇಕೋ ಮರುಗಬೇಕೋ ತಿಳಿಯದು.

1921ರ ಜುಲೈಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡೂ ಕೂಡಿ ಒಂದು ತಂಡವಾಗಿ ಅಮೆರಿಕಕ್ಕೆ ಹೋಗಿ, ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಜಂಟಿ ತಂಡವನ್ನು ಹಾರ್ವರ್ಡಿನ ಕ್ರೀಡಾಂಗಣದಲ್ಲಿಯೇ ಎದುರಿಸಿದವು. ಆ ದಿನ ಹಾರ್ವರ್ಡಿನ ವಿದ್ಯಾರ್ಥಿ ಗೌರ್ಡಿನ್ ಎಂಬಾತನು ಉದ್ದ ಜಿಗಿತದಲ್ಲಿ 7.69 ಮೀಟರಿನ ಜಾಗತಿಕ ದಾಖಲೆಯನ್ನು ಸ್ಥಾಪಿಸಿದ್ದರಿಂದ ಆ ಕೂಟವನ್ನು ಜನ ಇಂದಿಗೂ ನೆನೆಯುತ್ತಾರೆ. ನನಗಾದರೋ ಬೇರೊಂದು ಕಾರಣದಿಂದ ಅದು ನೆನಪಿನಲ್ಲಿ ನಿಂತಿದೆ. ಒಂದು ಕಡೆ ಶ್ರಬ್ಬನು ಹಿಂದೆ ಕಲಿಸಿದ ವಿದ್ಯಾಲಯ, ಇನ್ನೊಂದು ಕಡೆ ಆಗ ಕಲಿಸುತ್ತಿದ್ದ ವಿದ್ಯಾಲಯ. ಎರಡೂ ಕಡೆ ಹವ್ಯಾಸಿಗಳು. ಆ ಗೆರೆಯಲ್ಲಿ ನಿಂತು ಓಡಲು ಅಧಿಕಾರವಿಲ್ಲದವನು ಅವನೊಬ್ಬನೇ.

1920ರ ದಶಕದ ನಡುಭಾಗದವರೆಗೆ ಆಕ್ಸ್‌ಫರ್ಡಿನಲ್ಲಿದ್ದು, 1928ರಲ್ಲಿ ಅವನು ಕೆನಡಾಕ್ಕೆ ಮರಳಿದನು. ಒಂಟಾರಿಯೋ ಪ್ರಾಂತದ ಬೌಮನ್‌ವಿಲ್ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿ, ಬಾರ್ಲಿಯಿಂದ ಬೆಳಗಿನ ಆಹಾರ ತಯಾರಿಸುವ ಗಿರಣಿಯೊಂದರಲ್ಲಿ ಪಾಲುದಾರನಾಗಿ ಬಹುವರ್ಷ ಗೃಹಸ್ಥ ಜೀವನ ನಡೆಸಿದನು. ಅತ್ತ ಅವನ ದಾಖಲೆಗಳು ಒಂದೊಂದಾಗಿ ಬೇರೆಯವರ ಪಾಲಾದವು. 6 ಮೈಲಿಯನ್ನು ಮೂವತ್ತು ನಿಮಿಷಗಳೊಳಗೆ ಮೊದಲು ಓಡಿದ ಅವನ ಸಾಧನೆಯನ್ನೂ 1930ರಲ್ಲಿ ನುರ್ಮಿಯೇ ಮೀರಿಸಿದನು.

1953ರಲ್ಲಿ ಇಂಗ್ಲೆಂಡಿನ ಸಂಘವು ಶ್ರಬ್ಬನ ಮೇಲಿನ ಬಹಿಷ್ಕಾರವನ್ನು ತೆಗೆದುಹಾಕಿ ಅವನನ್ನು ಮತ್ತೆ ಹವ್ಯಾಸಿಯೆಂದು ಮಾನ್ಯ ಮಾಡಿತು. ಓಡುವ ಅಧಿಕಾರ ಹಿಂದಿರುಗಿ ಬಂದಾಗ ಅವನಿಗೆ ಎಪ್ಪತ್ತು ದಾಟಿತ್ತು. ನಡುವೆ ಸಂದ ವರ್ಷಗಳು ನಲವತ್ತೇಳಕ್ಕೂ ಮಿಕ್ಕು. ಮರುವರ್ಷ, 1954ರ ಮೇ 6ರಂದು, ಅದೇ ಇಫ್ಲಿ ರಸ್ತೆಯ ಮೈದಾನದಲ್ಲಿ ರೋಜರ್ ಬ್ಯಾನಿಸ್ಟರನು 3 ನಿಮಿಷ 59.4 ಸೆಕೆಂಡುಗಳಲ್ಲಿ ಮೈಲಿಯನ್ನು ಓಡಿ ಮುಗಿಸಿದನು. ಶ್ರಬ್ಬನ ಕಾಲದ ಹಳೆಯ ಪಥ ಆ ವೇಳೆಗೆ ಅಲ್ಲಿರಲಿಲ್ಲ. ಬ್ಯಾನಿಸ್ಟರನೇ ವಿದ್ಯಾರ್ಥಿ ಅಧ್ಯಕ್ಷನಾಗಿದ್ದಾಗ ಮುಂದಾಗಿ ನಿಂತು, ನಾಲ್ಕು ಸುತ್ತಿಗೆ ಮೈಲಿಯಾಗುವ ಹೊಸ ಪಥಕ್ಕೆ ಏರ್ಪಾಡು ಮಾಡಿಸಿದ್ದನು.

1964ರ ಏಪ್ರಿಲ್ 23ರಂದು ಬೌಮನ್‌ವಿಲ್‌ನಲ್ಲಿ ಆಲ್ಫ್ರೆಡ್ ಶ್ರಬ್ಬನು ಕಾಲವಶನಾದನು. ಆಗ ಅವನ ವಯಸ್ಸು ಎಂಬತ್ತನಾಲ್ಕು.